ಸಣ್ಣ ಗುಂಪೆಂಬ ಸಮಾಧಾನ

ಅಮೆರಿಕದಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋಗುವ ನಮ್ಮ ಸಮಾಜದ ಹಿರಿಯರು ಈಗ ನಯಾಗರ ಜಲಪಾತವನ್ನಷ್ಟೇ ನೋಡಿ ಹಿಂತಿರುಗುವುದಿಲ್ಲ. ಫ್ಲಾರಿಡಾದ ಬಂದರುಗಳಿಂದ ಹೊರಡುವ ಕೆರಿಬಿಯನ್ ಹಡಗುಯಾನವೂ ಅನೇಕರ ಪ್ರವಾಸದ ಅಂಗವಾಗಿದೆ. ಇದನ್ನು ಆಕ್ಷೇಪಿಸುವುದು ಈ ಲೇಖನದ ಉದ್ದೇಶವಲ್ಲ. ದಿಗ್ವ್ರತ ಸ್ವೀಕರಿಸಿದವರಿಗೆ ತಮ್ಮ ಎಲ್ಲೆ ಯಾವುದೆಂದು ಗೊತ್ತಿರುತ್ತದೆ. ಉಳಿದವರು ತಮ್ಮ ಅನುಕೂಲದಂತೆ ನಡೆಯುತ್ತಾರೆ. ಮುಂಚಿತವಾಗಿ ತಿಳಿಸಿದರೆ ಕಂದಮೂಲಗಳಿಲ್ಲದ ಜೈನ ಆಹಾರವನ್ನು ಸಿದ್ಧಪಡಿಸಿಕೊಡುವ ಹಡಗುಗಳೂ ಇವೆ. ಹೊರಡುವ ಮೊದಲು ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಗಳ ವಿಷಯವಾಗಿ ಎರಡೆರಡು ಬಾರಿ ಪತ್ರ ಬರೆದು ಖಚಿತಪಡಿಸಿಕೊಳ್ಳುವ ಕುಟುಂಬವೇ, ಕೆಲವು ದಿನಗಳ ಬಳಿಕ ಗ್ರ್ಯಾಂಡ್ ಕೇಮನ್ ದ್ವೀಪದ ಮರಳುದಿಬ್ಬದ ಮೇಲೆ ಸೊಂಟದೆತ್ತರದ ನೀರಿನಲ್ಲಿ ನಿಂತು, ಅಂಗೈಯಲ್ಲಿ ಬೊಂಡಾಸಿನ ತುಂಡನ್ನು ಹಿಡಿದು, ತೊರಕೆ ಮೀನನ್ನು ಹತ್ತಿರಕ್ಕೆ ಕರೆಯುತ್ತದೆ. ಈ ಎರಡು ಕೃತ್ಯಗಳ ನಡುವಿನ ಅಂತರವನ್ನು ಕುರಿತು ವಿಚಾರ ಮಾಡುವುದು ಅವಶ್ಯವಾಗಿದೆ.

ಹಡಗು ಗ್ರ್ಯಾಂಡ್ ಕೇಮನ್ ತಲುಪಿದಾಗ ಪ್ರವಾಸಿಯ ಮುಂದೆ ಒಂದು ಆಯ್ಕೆ ಇರುತ್ತದೆ. ಹಡಗಿನ ಕಂಪನಿಯೇ ಏರ್ಪಡಿಸುವ ದೊಡ್ಡ ದೋಣಿಯಲ್ಲಿ ಹತ್ತಾರು ಜನರೊಡನೆ ಹೋಗಬಹುದು. ಇಲ್ಲವೇ ದ್ವೀಪದ ಖಾಸಗಿ ದೋಣಿಯವರಲ್ಲಿ ಮುಂಗಡವಾಗಿ ಹಣ ಕಟ್ಟಿ, ಹತ್ತು ಹನ್ನೆರಡು ಜನರ ಸಣ್ಣ ಗುಂಪಿನಲ್ಲಿ ಹೋಗಬಹುದು. ಎರಡರ ಗಮ್ಯವೂ ಬಹುಮಟ್ಟಿಗೆ ಒಂದೇ: ತೊರಕೆಗಳ ಮರಳುದಿಬ್ಬ, ಸ್ನಾರ್ಕೆಲ್ ಧರಿಸಿ ಹವಳದ ತೋಟವನ್ನು ನೋಡುವ ತಾಣ, ಸಮಯ ಉಳಿದರೆ ನಕ್ಷತ್ರಮೀನುಗಳ ದಡ. ದೊಡ್ಡ ದೋಣಿಯಲ್ಲಿ ನೂಕುನುಗ್ಗಲು, ಕಾಯುವಿಕೆ. ಸಣ್ಣ ದೋಣಿಯಲ್ಲಿ ವಿರಾಮ, ಮಾರ್ಗದರ್ಶಿಯ ವೈಯಕ್ತಿಕ ಗಮನ, ಒಳ್ಳೆಯ ಛಾಯಾಚಿತ್ರ. ಆದರೆ ತಡವಾದರೆ ಹಡಗು ಕಾಯುವುದಿಲ್ಲವೆಂಬ ಅಂಜಿಕೆ ಬೇರೆ. ಈ ಲಾಭನಷ್ಟಗಳನ್ನು ಎಷ್ಟು ತೂಗಿದರೂ ತೂಗುವುದು ಪ್ರವಾಸಿಯ ಸೌಕರ್ಯವನ್ನು ಮಾತ್ರ ಎಂಬುದು ಸ್ಪಷ್ಟ. ಅದರಲ್ಲಿ ತಪ್ಪೇನೂ ಇಲ್ಲ. ಹಣ ಕೊಡುವವನು ತನ್ನ ಸೌಕರ್ಯವನ್ನು ನೋಡಿಕೊಳ್ಳುವುದು ಲೋಕರೂಢಿ. ಆಕ್ಷೇಪಾರ್ಹವಾದುದು ಇದರ ಮುಂದಿನ ಮಾತು. "ನಾವು ಸಣ್ಣ ಗುಂಪನ್ನು ಆರಿಸಿಕೊಂಡೆವು, ಆದ್ದರಿಂದ ಪ್ರಾಣಿಗಳಿಗೆ ಹೆಚ್ಚು ತೊಂದರೆಯಾಗಲಿಲ್ಲ" ಎಂಬ ಸಮಾಧಾನವನ್ನು ವಿದ್ಯಾವಂತರ ಬಾಯಿಂದ, ಅದರಲ್ಲೂ ಅಹಿಂಸೆಯ ಹೆಸರಿನಲ್ಲಿ ಕೇಳಬೇಕಾಗಿ ಬಂದಿದೆ. ಈ ಸಮಾಧಾನ ನಿಲ್ಲುವಂಥದಲ್ಲವೆಂಬುದೇ ನಮ್ಮ ವಾದ.

ಮೊದಲು ಆ ತಾಣದ ಚರಿತ್ರೆಯನ್ನು ತಿಳಿಯಬೇಕು. ಗ್ರ್ಯಾಂಡ್ ಕೇಮನ್, ಬ್ರಿಟನ್ನಿನ ಆಡಳಿತಕ್ಕೆ ಒಳಪಟ್ಟ 3 ಕೇಮನ್ ದ್ವೀಪಗಳಲ್ಲಿ ದೊಡ್ಡದು. ಅದರ ಉತ್ತರ ಭಾಗದಲ್ಲಿ ನಾರ್ತ್ ಸೌಂಡ್ ಎಂಬ ಆಳವಿಲ್ಲದ ವಿಶಾಲ ಕೊಲ್ಲಿಯಿದೆ. ಹವಳದ ದಿಬ್ಬವೊಂದು ಅಡ್ಡಗಟ್ಟಿರುವುದರಿಂದ ಅಲ್ಲಿ ನೀರು ಶಾಂತ. ಹೊರಗಡಲಿನಿಂದ ಹಿಂತಿರುಗುವ ಬೆಸ್ತರು ಅಲ್ಲಿ ದೋಣಿ ನಿಲ್ಲಿಸಿ, ಹಿಡಿದ ಮೀನನ್ನು ಸ್ವಚ್ಛಗೊಳಿಸಿ ಕರುಳು ಚೂರುಗಳನ್ನು ನೀರಿಗೆ ಎಸೆಯುತ್ತಿದ್ದರು. ಆ ವಾಸನೆಗೆ ತೊರಕೆಗಳು ಬಂದು ಸೇರಿದವು. ಕ್ರಮೇಣ ದೋಣಿಯ ಯಂತ್ರದ ಸದ್ದನ್ನೇ ಊಟದ ಗಂಟೆಯೆಂದು ಕಲಿತವು. 1980ರ ದಶಕದ ನಡುವಿನಲ್ಲಿ ಮುಳುಗುಗಾರರು ಕೈಯಿಂದ ಆಹಾರ ಕೊಡಲಾರಂಭಿಸಿದರು. ಪತ್ರಿಕೆಗಳಲ್ಲಿ ಚಿತ್ರಗಳು ಬಂದವು. ಆ ಸ್ಥಳಕ್ಕೆ 'ಸ್ಟಿಂಗ್‌ರೇ ಸಿಟಿ' ಎಂಬ ಹೆಸರು ನಿಂತಿತು. ಇಂದು ಹಡಗುಗಳು ಬಂದ ದಿನ ಆ ದಿಬ್ಬದ ಮೇಲೆ ನೂರಾರು ಜನರು ನಿಂತಿರುತ್ತಾರೆ. ಅವರ ಕಾಲುಗಳ ನಡುವೆ ಸುಳಿದಾಡುವ ತೊರಕೆಗಳ ಸಂಖ್ಯೆ ಸುಮಾರು 100ರ ಆಸುಪಾಸಿನಲ್ಲಿ ಏರಿಳಿಯುತ್ತ ಬಂದಿದೆ. ಅವುಗಳಲ್ಲಿ ಬಹುಪಾಲು ಹೆಣ್ಣು. ಅಷ್ಟು ಜೀವಿಗಳ ಬೆನ್ನ ಮೇಲೆ ಒಂದು ದೇಶದ ಪ್ರವಾಸೋದ್ಯಮದ ಬಹುದೊಡ್ಡ ಆಕರ್ಷಣೆ ನಿಂತಿದೆಯೆಂದರೆ ಅದು ಅಲಂಕಾರದ ಮಾತಲ್ಲ.

ಈಗ ತೊರಕೆಯ ಸಹಜ ಸ್ವಭಾವವೇನು? ನಮ್ಮ ಕರಾವಳಿಯವರಿಗೆ ಅದು ಅಪರಿಚಿತವಲ್ಲ: ಚಪ್ಪಟೆಯಾದ ದೇಹ, ಚಾವಟಿಯಂಥ ಬಾಲ, ಬಾಲದ ಮೇಲೆ ವಿಷದ ಮುಳ್ಳು. ಕೆರಿಬಿಯನ್ನಿನ ತೊರಕೆ ಹಗಲಿನಲ್ಲಿ ಮರಳಿನಡಿ ಹುದುಗಿ ವಿಶ್ರಮಿಸುತ್ತದೆ; ಕಣ್ಣು ಮತ್ತು ಕಣ್ಣಿನ ಹಿಂದಿನ ಉಸಿರುರಂಧ್ರಗಳು ಮಾತ್ರ ಹೊರಗೆ ಕಾಣುತ್ತವೆ. ಕತ್ತಲಾದ ಮೇಲೆ ಹೊರಟು, ಒಂಟಿಯಾಗಿ ದೂರದೂರ ಅಲೆದು, ಮರಳಿನಲ್ಲಿ ಅಡಗಿದ ಏಡಿ, ಸಿಗಡಿ, ಹುಳು, ಚಿಪ್ಪುಜೀವಿಗಳನ್ನು ಹುಡುಕುತ್ತದೆ. ಬಾಯಿ ದೇಹದ ಅಡಿಯಲ್ಲಿ, ಕಣ್ಣು ಮೇಲೆ. ತಾನು ತಿನ್ನುವುದನ್ನು ಅದು ಕಾಣಲಾರದು. ವಾಸನೆ, ಸ್ಪರ್ಶ ಮತ್ತು ಬೇಟೆಯ ದೇಹದಿಂದ ಹೊಮ್ಮುವ ಅತಿ ಸೂಕ್ಷ್ಮ ವಿದ್ಯುತ್ತನ್ನು ಗ್ರಹಿಸುವ ರಂಧ್ರಗಳು ಅದಕ್ಕೆ ದಾರಿ ತೋರಿಸುತ್ತವೆ. ಮೊಟ್ಟೆ ಹೊರಗಿಡದೆ ಗರ್ಭದಲ್ಲೇ ಮರಿಗಳನ್ನು ಬೆಳೆಸಿ ಹೆರುತ್ತದೆ. ನಮ್ಮ ಪರಿಭಾಷೆಯಲ್ಲಿ ಅದು ಪಂಚೇಂದ್ರಿಯ ತಿರ್ಯಂಚ, ಜಲಚರ. ಆಧುನಿಕ ವಿಜ್ಞಾನ ಅದರ ಲೆಕ್ಕಕ್ಕೆ ಇನ್ನೊಂದು ಇಂದ್ರಿಯವನ್ನು ಸೇರಿಸಿದೆಯೆಂದು ಬೇಕಾದರೆ ಹೇಳಬಹುದು.

ಅಂಥ ಜೀವಿಗೆ ಆ ದಿಬ್ಬದ ಮೇಲೆ ಏನಾಯಿತೆಂಬುದು ಊಹೆಯ ವಿಷಯವಲ್ಲ. ಮಾರ್ಕ್ ಕೊರ್ಕೊರನ್ ಮತ್ತು ಸಂಗಡಿಗರು ತೊರಕೆಗಳಿಗೆ ಧ್ವನಿಸಂಕೇತದ ಯಂತ್ರ ಕಟ್ಟಿ ಅವುಗಳ ಚಲನವಲನವನ್ನು ಅನುಸರಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪ್ರವಾಸಿಗರಿಲ್ಲದ ಕಡೆಯ ತೊರಕೆಗಳು ರಾತ್ರಿಚರಿಗಳಾಗಿಯೇ ಉಳಿದಿದ್ದರೆ, ದಿಬ್ಬದ ತೊರಕೆಗಳ ದಿನಚರಿ ತಲೆಕೆಳಗಾಗಿದೆ: ಹಗಲೆಲ್ಲ ಓಡಾಟ, ರಾತ್ರಿ ನಿಶ್ಚಲತೆ. ವಿಶಾಲವಾಗಿ ಸಂಚರಿಸುತ್ತಿದ್ದ ಜೀವಿ ಸಣ್ಣ ಜಾಗದಲ್ಲಿ ಒತ್ತಾಗಿ ಬದುಕುತ್ತಿದೆ. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿದ್ದ ಕ್ರಿಸ್ಟಿನಾ ಸೆಮೆನಿಯುಕ್ ಅವರು 2007ರಿಂದ 2009ರವರೆಗೆ ಪ್ರಕಟಿಸಿದ ಸಂಶೋಧನೆಗಳು ಇನ್ನೂ ಆಳಕ್ಕೆ ಹೋಗಿವೆ. ಪ್ರವಾಸಿ ತಾಣದ ತೊರಕೆಗಳ ದೇಹದ ಕೊಬ್ಬಿನ ಸ್ವರೂಪವೇ ಬೇರೆಯಾಗಿ, ಅವುಗಳಿಗೆ ಉಣಿಸುವ ಬೊಂಡಾಸಿನದನ್ನು ಹೋಲುವಂತಾಗಿತ್ತು. ದೋಣಿಗಳಿಂದಾದ ಗಾಯಗಳು, ಇಕ್ಕಟ್ಟಿನಲ್ಲಿ ಪರಸ್ಪರ ಕಚ್ಚಿಕೊಂಡ ಗುರುತುಗಳು, ಚರ್ಮದ ಪರೋಪಜೀವಿಗಳು ಹೆಚ್ಚಾಗಿದ್ದವು. ರಕ್ತದ ಪರೀಕ್ಷೆಯೂ ಕುಗ್ಗಿದ ಆರೋಗ್ಯವನ್ನು ಸೂಚಿಸಿತು. ಒಂಟಿಯಾಗಿ ಬಾಳಬೇಕಾದ ಪ್ರಾಣಿಯನ್ನು ಸಂತೆಯಲ್ಲಿ ನಿಲ್ಲಿಸಿದ ಫಲವಿದು. ಹೊಟ್ಟೆ ತುಂಬಿದೆ, ಬೇಲಿಯಿಲ್ಲ, ತಾನಾಗಿಯೇ ಬರುತ್ತದೆ. ಆದ್ದರಿಂದ ಅದು ಸುಖವಾಗಿದೆಯೆಂಬ ವಾದವನ್ನು ಈ ಸಂಗತಿಗಳ ಮುಂದಿಟ್ಟು ನೋಡಬೇಕು. ಮದ್ಯದಂಗಡಿಗೆ ಯಾರೂ ಯಾರನ್ನೂ ಕಟ್ಟಿ ಎಳೆದೊಯ್ಯುವುದಿಲ್ಲ. ಅವರೂ ತಾವಾಗಿಯೇ ಬರುತ್ತಾರೆ.

ಸಣ್ಣ ಗುಂಪಿನ ಲೆಕ್ಕಕ್ಕೆ ಈಗ ಬರೋಣ. 120 ಜನರು ಒಂದೇ ದೋಣಿಯಲ್ಲಿ ಬಂದರೂ, 12 ಜನರಂತೆ 10 ದೋಣಿಗಳಲ್ಲಿ ಬಂದರೂ ತೊರಕೆಯ ಬೆನ್ನನ್ನು ಸವರುವ ಕೈಗಳು 240. ವ್ಯತ್ಯಾಸವಿರುವುದು ದೋಣಿಗಳ ಸಂಖ್ಯೆಯಲ್ಲಿ. ಒಂದು ಯಂತ್ರದ ಬದಲು ಕಡಿಮೆಯೆಂದರೆ 10 ಯಂತ್ರಗಳು ಅದೇ ಆಳವಿಲ್ಲದ ನೀರಿನಲ್ಲಿ ತಿರುಗುತ್ತವೆ, 10 ಲಂಗರುಗಳು ಬೀಳುತ್ತವೆ. ಗಾಯಗಳಿಗೆ ದೋಣಿಗಳೂ ಕಾರಣವೆಂದು ಸಂಶೋಧಕರು ಹೇಳುವಾಗ, ದೋಣಿಗಳನ್ನು ಹೆಚ್ಚಿಸುವ ಪದ್ಧತಿಯನ್ನು ಕರುಣೆಯೆಂದು ಕರೆಯುವುದು ವಿಚಿತ್ರ. ಇನ್ನೂ ಒಂದು ಮಾತಿದೆ. ಸಣ್ಣ ಗುಂಪಿನವರು ಮಾರುವ ಮುಖ್ಯ ಸರಕು ಜನಸಂದಣಿಯ ಅಭಾವ. ಅದನ್ನು ಒದಗಿಸಬೇಕಾದರೆ ದೊಡ್ಡ ದೋಣಿಗಳು ಬರುವ ಮೊದಲೇ ಹೋಗಬೇಕು, ಇಲ್ಲವೇ ಅವು ಹೋದ ಮೇಲೆ ಹೋಗಬೇಕು. ಪ್ರವಾಸಿಗೆ ಅದು ಏಕಾಂತ. ತೊರಕೆಗೆ ಅದು ದುಡಿಮೆಯ ಹೊತ್ತಿನ ವಿಸ್ತರಣೆ. ನೂಕುನುಗ್ಗಲಿಲ್ಲದ ಆ ಸುಂದರ ಮುಂಜಾನೆಯ ಚಿತ್ರದಲ್ಲಿ ಕಾಣುವ ಜೀವಿ, ಸಹಜವಾಗಿದ್ದರೆ ಆಗತಾನೆ ಮರಳಿನೊಳಗೆ ಸೇರಿ ವಿಶ್ರಮಿಸಬೇಕಾಗಿತ್ತು.

ನ್ಯಾಯವಾಗಿ ಹೇಳುವುದಾದರೆ, ಹವಳದ ತಾಣದಲ್ಲಿ ಸಣ್ಣ ಗುಂಪಿಗೆ ನಿಜವಾದ ಬೆಲೆಯಿದೆ. ಈಜಲು ಬಾರದವನು ಗಾಬರಿಯಿಂದ ಹವಳದ ಮೇಲೆ ಕಾಲೂರದಂತೆ ಒಬ್ಬ ಮಾರ್ಗದರ್ಶಿ 10 ಜನರನ್ನು ನೋಡಿಕೊಳ್ಳಬಲ್ಲ. 60 ಜನರನ್ನು ನೋಡಿಕೊಳ್ಳಲಾರ. ಇಲ್ಲಿ ಸಂಖ್ಯೆ ಹಿಂಸೆಯನ್ನು ಕಡಿಮೆ ಮಾಡುತ್ತದೆ. ಏಕೆಂದರೆ ಇಲ್ಲಿ ಹಿಂಸೆ ಆಕಸ್ಮಿಕ, ಅದನ್ನು ತಪ್ಪಿಸುವುದು ಎಲ್ಲರ ಉದ್ದೇಶ. ಮರಳುದಿಬ್ಬದಲ್ಲಿ ಹಾಗಲ್ಲ. ಅಲ್ಲಿ ಮುಟ್ಟುವುದು, ಉಣಿಸುವುದು, ತೋಳಿನ ಮೇಲೆ ಮಲಗಿಸಿಕೊಳ್ಳುವುದೇ ಕಾರ್ಯಕ್ರಮ. ಗುಂಪು ಸಣ್ಣದಾದಷ್ಟೂ ಪ್ರತಿಯೊಬ್ಬನಿಗೂ ಹೆಚ್ಚು ಹೊತ್ತು ಮುಟ್ಟುವ ಅವಕಾಶ. ಒಂದೇ ದಿನದ ಪ್ರವಾಸದ ಎರಡು ನಿಲ್ದಾಣಗಳಲ್ಲಿ ಒಂದೇ ಪದ ಎರಡು ವಿರುದ್ಧ ಅರ್ಥಗಳನ್ನು ಪಡೆಯುವುದನ್ನು ಗಮನಿಸದೆ ಹೋದುದರಿಂದಲೇ ಈ ಸಮಾಧಾನ ಹುಟ್ಟಿಕೊಂಡಿದೆ.

ಮುಟ್ಟಿದರೆ ಏನು ಮಹಾ ಕೇಡು ಎಂದು ಕೇಳುವವರಿದ್ದಾರೆ. ತೊರಕೆಯ ಚರ್ಮದ ಮೇಲಿರುವ ಲೋಳೆ ಕೊಳೆಯಲ್ಲ, ರೋಗಾಣುಗಳ ವಿರುದ್ಧ ಅದಕ್ಕಿರುವ ಕವಚ. ಲೇಪನ ಹಚ್ಚಿದ ಕೈಗಳು ದಿನವಿಡೀ ಅದನ್ನು ಉಜ್ಜುತ್ತವೆ. ತೊರಕೆಗೆ ಮುತ್ತಿಟ್ಟರೆ 7 ವರ್ಷ ಅದೃಷ್ಟವೆಂದು ದೋಣಿಯವರು ನಗೆಮಾತು ಆಡುತ್ತಾರೆ. ಜನರು ಸಾಲಾಗಿ ನಿಂತು ಮುತ್ತಿಡುತ್ತಾರೆ. ಸಮುದ್ರದಲ್ಲಿ ಮಿಂದರೆ ಶ್ರೇಯಸ್ಸೆಂಬ ನಂಬಿಕೆಯನ್ನೇ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಲೋಕಮೂಢತೆಯ ಸಾಲಿಗೆ ಸೇರಿಸಿದ್ದಾರೆ. ಸಮುದ್ರದ ಮೀನಿಗೆ ಮುತ್ತಿಡುವುದನ್ನು ಅವರು ಯಾವ ಸಾಲಿಗೆ ಸೇರಿಸುತ್ತಿದ್ದರೆಂದು ಯೋಚಿಸಿದರೆ ನಗು ಬರುತ್ತದೆ, ಪೂರ್ತಿ ನಗಲೂ ಆಗುವುದಿಲ್ಲ.

ಇನ್ನು ಅಂಗೈಯಲ್ಲಿರುವ ತುಂಡಿನ ಮಾತು. ಬೊಂಡಾಸು ತರಕಾರಿಯಲ್ಲ. ಕಣ್ಣುಳ್ಳ, ಬಣ್ಣ ಬದಲಿಸುವ, ಅಪಾಯ ಕಂಡರೆ ಮಸಿ ಚೆಲ್ಲಿ ಪಾರಾಗುವ ಚುರುಕಾದ ತ್ರಸಜೀವಿ. ಬೇರೆ ಕಡಲುಗಳಲ್ಲಿ ಹಿಡಿದು, ಹೆಪ್ಪುಗಟ್ಟಿಸಿ, ಈ ವಿನೋದಕ್ಕಾಗಿ ಅದನ್ನು ತರಿಸಲಾಗುತ್ತದೆ. ಮನೆಯಲ್ಲಿ ಜಮೀಕಂದವನ್ನು ಮುಟ್ಟದ ಕೈ ಇಲ್ಲಿ ಆ ದೇಹದ ಚೂರನ್ನು ಹಿಡಿದು ನೀರಿನಲ್ಲಿ ಆಡಿಸುತ್ತದೆ. ತಾನು ತಿನ್ನಲಿಲ್ಲವೆಂಬುದು ಉತ್ತರವಾಗದು. ಕೃತ, ಕಾರಿತ, ಅನುಮೋದಿತವೆಂಬ ಮೂರನ್ನು ಪಾಠಶಾಲೆಯ ಮಗುವೂ ಬಲ್ಲದು. ಆ ಬೊಂಡಾಸನ್ನು ಹಿಡಿದದ್ದು ಕಟ್ಟಕಡೆಗೆ ಪ್ರವಾಸಿಯ ಶುಲ್ಕಕ್ಕಾಗಿ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ 6ನೆಯ ಅಧ್ಯಾಯದಲ್ಲಿ ಕರ್ಮಾಸ್ರವಕ್ಕೆ ಜೀವಾಧಿಕರಣವನ್ನು ವಿವರಿಸುವಾಗ ಸಂರಂಭ, ಸಮಾರಂಭ, ಆರಂಭವೆಂದು ಮೂರು ಹಂತಗಳನ್ನು ಹೇಳಿದ್ದಾರೆ. ಅವನ್ನು ಮೂರು ಯೋಗ, ಕೃತಾದಿ ಮೂರು, ನಾಲ್ಕು ಕಷಾಯಗಳಿಂದ ಗುಣಿಸಿದಾಗ 108 ಆಗುತ್ತದೆ. ಜಪಮಾಲೆಯ ಮಣಿಗಳ ಲೆಕ್ಕವನ್ನು ಇದರೊಡನೆ ಹೊಂದಿಸಿ ಹೇಳುವುದುಂಟು. ಸಂಕಲ್ಪ ಸಂರಂಭ, ಸಾಧನಗಳನ್ನು ಕೂಡಿಸುವುದು ಸಮಾರಂಭ, ಕಾರ್ಯಕ್ಕೆ ತೊಡಗುವುದು ಆರಂಭ. ನೀರಿಗೆ ಇಳಿದ ಮೇಲೆ ಮೃದುವಾಗಿ ಮುಟ್ಟಿದೆವೋ ಒರಟಾಗಿ ಮುಟ್ಟಿದೆವೋ ಎಂಬ ಚರ್ಚೆ ಮೂರನೆಯ ಹಂತದ್ದು. ಮನೆಯ ಮೇಜಿನ ಮುಂದೆ ಕುಳಿತು ಯಾವ ವಿಹಾರವೆಂದು ಆರಿಸಿ ಹಣ ಕಟ್ಟಿದಾಗಲೇ ಎರಡು ಹಂತಗಳು ಮುಗಿದಿರುತ್ತವೆ. ಆದ್ದರಿಂದ ಆಯ್ಕೆಯ ಘಳಿಗೆಯನ್ನು ಬರೀ ಸೌಕರ್ಯದ ಘಳಿಗೆಯೆಂದು ತಿಳಿಯಲು ನಮ್ಮ ಶಾಸ್ತ್ರ ಅವಕಾಶ ಕೊಡುವುದಿಲ್ಲ. ಪ್ರಯೋಜನವಿಲ್ಲದ ಹಿಂಸೆಯನ್ನು ಬಿಡುವುದಕ್ಕೆ ಅನರ್ಥದಂಡವ್ರತವೆಂಬ ಪ್ರತ್ಯೇಕ ಗುಣವ್ರತವೇ ಇದೆ. ಅದರಲ್ಲಿ ಪ್ರಮಾದಚರ್ಯೆಗೆ ಸ್ಥಾನವಿದೆ. ಕೃಷಿಕನ ಉಳುಮೆಗೂ ಗೃಹಿಣಿಯ ಒಲೆಗೂ ಇರುವ ಅನಿವಾರ್ಯತೆಯ ರಿಯಾಯಿತಿ ಈ ವಿನೋದಕ್ಕೆ ಇಲ್ಲ.

ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಇಟ್ಟುಕೊಂಡು ಈ ಉದ್ಯಮವನ್ನು ನೋಡಿದರೆ ಪ್ರಾಚೀನರ ದೃಷ್ಟಿಗೆ ಆಶ್ಚರ್ಯಪಡಬೇಕಾಗುತ್ತದೆ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕೆರಿಬಿಯನ್ನಿನ ಬೇರೆ ಕೆಲವು ತಾಣಗಳಲ್ಲಿ ತೊರಕೆಗಳನ್ನು ಬೇಲಿ ಹಾಕಿದ ಕೊಳಗಳಲ್ಲಿಟ್ಟು, ಅತಿಥಿಗಳ ಸುರಕ್ಷತೆಗಾಗಿ ಬಾಲದ ಮುಳ್ಳನ್ನು ಕತ್ತರಿಸುತ್ತಾರೆ; ಬಂಧವೂ ಛೇದವೂ ಅಲ್ಲಿವೆ. ಅಂಥ ಕೊಳಕ್ಕೂ ಸಣ್ಣ ಗುಂಪಿನ ಏರ್ಪಾಟು ಇರಬಹುದು, ಎಚ್ಚರವಿರಲಿ. ಗ್ರ್ಯಾಂಡ್ ಕೇಮನ್ನಿನ ದಿಬ್ಬದಲ್ಲಿ ಬೇಲಿಯಿಲ್ಲ, ಮುಳ್ಳನ್ನೂ ಕತ್ತರಿಸುವುದಿಲ್ಲ. ಕಾಲೆತ್ತಿ ಇಡದೆ ಮರಳಿನ ಮೇಲೆ ಎಳೆದುಕೊಂಡು ನಡೆಯಬೇಕೆಂದು ಮಾರ್ಗದರ್ಶಿಗಳು ಕಲಿಸುವುದು ಅದಕ್ಕಾಗಿಯೇ. ಆದರೆ ಹೊರಲಾರದ ಭಾರವಂತೂ ಇದೆ. ಅನ್ನಪಾನನಿರೋಧವೂ ಒಮ್ಮೆ ಎದುರಾಯಿತು. 2020ರ ಮಾರ್ಚ್‌ನಲ್ಲಿ ಕೊರೋನಾ ಕಾರಣದಿಂದ ಹಡಗುಗಳು ನಿಂತುಹೋದವು, 2022ರವರೆಗೆ ಮರಳಲಿಲ್ಲ. ಸುಮಾರು 35 ವರ್ಷ ಕೈತುತ್ತಿಗೆ ಒಗ್ಗಿದ ಪ್ರಾಣಿಗಳ ಮುಂದೆ ಕೈಗಳೇ ಇಲ್ಲವಾದವು. ಮೊದಲು ಅಭ್ಯಾಸ ಮಾಡಿಸಿ, ತನ್ನ ಅನುಕೂಲ ತಪ್ಪಿದಾಗ ಬಿಟ್ಟುಹೋಗುವುದು ಸಾಕುಪ್ರಾಣಿಯ ವಿಷಯದಲ್ಲಾದರೆ ನಾವೆಲ್ಲ ಖಂಡಿಸುತ್ತೇವೆ.

"ಆಹಾರ ಕೊಡುವುದು ಜೀವದಯೆಯಲ್ಲವೇ? ನಾವು ಪಾರಿವಾಳಗಳಿಗೆ ಕಾಳು ಹಾಕುವುದಿಲ್ಲವೇ?" ಎಂಬ ಪ್ರಶ್ನೆಗೆ ಉತ್ತರಿಸಲೇಬೇಕು. ಕಾಳು ಹಾಕುವುದರ ಸಾಧಕಬಾಧಕಗಳ ಚರ್ಚೆ ಬೇರೆಯೇ ಇದೆ. 2025ರಲ್ಲಿ ಮುಂಬಯಿಯ ದಾದರ್‌ನ ಕಬೂತರ್‌ಖಾನೆಯನ್ನು ಮುಚ್ಚಿದಾಗ ನಮ್ಮ ಸಮಾಜದ ಭಾವನೆಗಳು ಎಷ್ಟು ಕೆರಳಿದವೆಂಬುದು ಎಲ್ಲರಿಗೂ ತಿಳಿದಿದೆ. ಆ ವಿವಾದದಲ್ಲಿ ಯಾವ ಪಕ್ಷ ವಹಿಸಿದರೂ ಒಂದು ಅಂಶ ನಿರ್ವಿವಾದ: ಕಾಳು ಹಾಕಿದವನು ಪಾರಿವಾಳವನ್ನು ಹಿಡಿದು ಎದೆಗವಚಿಕೊಂಡು ಚಿತ್ರ ತೆಗೆಸಿಕೊಳ್ಳುವುದಿಲ್ಲ. ಹಾಕಿ ಹಿಂದೆ ಸರಿಯುತ್ತಾನೆ. ದಾನಕ್ಕೆ ಪ್ರತಿಫಲಾಪೇಕ್ಷೆ ಕೂಡದೆಂಬ ನಿಯಮಕ್ಕೆ ಅಷ್ಟಾದರೂ ಗೌರವವಿದೆ. ದಿಬ್ಬದ ಮೇಲೆ ಕೊಡುವುದು ದಾನವಲ್ಲ, ಗಾಳಕ್ಕೆ ಸಿಕ್ಕಿಸಿದ ಆಮಿಷ. ಗಾಳದಲ್ಲಿ ಕಬ್ಬಿಣ ಇಲ್ಲದಿರಬಹುದು. ಅದಲ್ಲದೆ ಒಂದು ಜೀವಿಯ ಶರೀರವನ್ನು ಇನ್ನೊಂದಕ್ಕೆ ಉಣಿಸಿ ಅದನ್ನು ಜೀವದಯೆಯೆನ್ನುವ ಶ್ರಾವಕನನ್ನು ಯಾವ ಆಚಾರ್ಯರೂ ಬಲ್ಲವರಲ್ಲ.

ಇದಕ್ಕಿಂತ ಗಟ್ಟಿಯಾದ ವಾದ ದ್ವೀಪದವರದು. ಜೀವಂತ ತೊರಕೆಯಿಂದ ಬರುವ ಆದಾಯ ಸತ್ತ ತೊರಕೆಯ ಬೆಲೆಗಿಂತ ಅಪಾರವಾಗಿ ಹೆಚ್ಚು. ಪ್ರವಾಸಿಗರು ಬರುವುದರಿಂದಲೇ ಅವು ಉಳಿದಿವೆ ಎಂಬುದು ಅವರ ಮಾತು. ಇದರಲ್ಲಿ ಸತ್ಯಾಂಶವಿದೆ. ಆ ಸರಕಾರ ಮರಳುದಿಬ್ಬವನ್ನು ವಿಶೇಷ ವಲಯವೆಂದು ಗುರುತಿಸಿ ದೋಣಿಗಳಿಗೆ ಪರವಾನಗಿ ಕಡ್ಡಾಯಗೊಳಿಸಿದೆ. ತೊರಕೆಯನ್ನು ನೀರಿನಿಂದ ಮೇಲೆತ್ತುವುದನ್ನು ನಿಷೇಧಿಸಿದೆ. 2013ರ ರಾಷ್ಟ್ರೀಯ ಸಂರಕ್ಷಣಾ ಕಾಯಿದೆಯ ಮೂಲಕ ತಮ್ಮ ಕಡಲಿನ ತೊರಕೆ ಮತ್ತು ಶಾರ್ಕ್‌ಗಳಿಗೆ ರಕ್ಷಣೆ ಕೊಟ್ಟಿದೆ. ಮೆಚ್ಚತಕ್ಕ ಕೆಲಸ. ಆದರೆ ಆ ಕಾಯಿದೆ ಬಂದ ಮೇಲೆ, ಮುಟ್ಟದಿದ್ದರೆ ಕೊಂದುಬಿಡುತ್ತಾರೆಂಬ ವಾದ ಬಲ ಕಳೆದುಕೊಂಡಿತು. ರಕ್ಷಣೆ ಈಗ ಶಾಸನದಲ್ಲಿದೆ, ಪ್ರವಾಸಿಯ ಅಂಗೈಯಲ್ಲಿಲ್ಲ. ದೋಣಿಯವರ ಜೀವನೋಪಾಯದ ಪ್ರಶ್ನೆ ಉಳಿಯುತ್ತದೆ. ಅದನ್ನು ಲಘುವಾಗಿ ಕಾಣಬಾರದು. ಹವಳದ ತಾಣಕ್ಕೆ ಮಾತ್ರ ಕರೆದೊಯ್ಯಿರೆಂದು ಕೇಳಿ ಪೂರ್ತಿ ಬಾಡಿಗೆ ಕೊಟ್ಟರೆ ದೋಣಿಯವನ ಮನೆಯ ಒಲೆ ಆರುವುದಿಲ್ಲ. ದ್ವೀಪದ ಜನರೂ ಹಡಗುಗಳ ವಿಷಯದಲ್ಲಿ ಏಕಮತದವರಲ್ಲ. ದೊಡ್ಡ ಹಡಗುಗಳು ಅಲ್ಲಿ ದಡಕ್ಕೆ ತಾಗುವುದಿಲ್ಲ. ರಾಜಧಾನಿ ಜಾರ್ಜ್ ಟೌನ್ ಎದುರು ಕಡಲಿನಲ್ಲಿ ನಿಂತು, ಜನರನ್ನು ಚಿಕ್ಕ ದೋಣಿಗಳಲ್ಲಿ ಇಳಿಸುತ್ತವೆ. ಹಡಗುಕಟ್ಟೆಯನ್ನು ಕಟ್ಟಬೇಕೇ ಎಂದು 2025ರ ಏಪ್ರಿಲ್ 30ರಂದು ಜನಮತ ಕೇಳಿದಾಗ ಮತದಾರರು ಬೇಡವೆಂದರು. ಹೆಚ್ಚು ಹಡಗು ಹೆಚ್ಚು ಸುಖವೆಂಬುದನ್ನು ಅಲ್ಲಿಯವರೇ ಒಪ್ಪಿಲ್ಲ.

ಹವಳದ ತೋಟದ ಬಗ್ಗೆ ಒಂದು ಮಾತು ಹೇಳಬೇಕು, ಏಕೆಂದರೆ ಸ್ನಾರ್ಕೆಲ್ ವಿಹಾರವನ್ನು ನಾವು ನಿಷೇಧಿಸುತ್ತಿಲ್ಲ. ನೀರಿನ ಮೇಲೆ ತೇಲುತ್ತ, ಕನ್ನಡಿಯ ಮೂಲಕ ಕೆಳಗಿನ ಲೋಕವನ್ನು ನೋಡುವುದು ಮನುಷ್ಯನಿಗೆ ಸಿಗುವ ಅತ್ಯಂತ ಸೌಮ್ಯವಾದ ನೋಟಗಳಲ್ಲೊಂದು. ನೋಡುವವನು ಅಲ್ಲಿ ಯಾರ ದಾರಿಗೂ ಅಡ್ಡ ಬರಬೇಕಾಗಿಲ್ಲ. ನಮ್ಮ ಪ್ರಾಚೀನ ಗ್ರಂಥಗಳು ಹವಳವನ್ನು ಪೃಥ್ವೀಕಾಯದ ಪಟ್ಟಿಯಲ್ಲಿ ಎಣಿಸಿವೆ. ಆಧುನಿಕ ಜೀವಶಾಸ್ತ್ರ ಅದನ್ನು ಅಸಂಖ್ಯ ಸಣ್ಣ ಪ್ರಾಣಿಗಳ ಸಮೂಹವೆನ್ನುತ್ತದೆ. ವರ್ಗೀಕರಣ ಭಿನ್ನವಾದರೂ ಅದು ಸಜೀವವೆಂಬಲ್ಲಿ ಎರಡೂ ಒಂದೇ, ಮತ್ತು ಜನಸಾಮಾನ್ಯರು ಅದನ್ನು ಬರಿಯ ಕಲ್ಲೆಂದು ತಿಳಿದಿದ್ದ ಕಾಲದಲ್ಲಿ ನಮ್ಮವರು ಜೀವವೆಂದರು. ಗ್ರ್ಯಾಂಡ್ ಕೇಮನ್ನಿನ ಹವಳಕ್ಕೆ ಈಗ ಕಷ್ಟಕಾಲ. ಕಲ್ಲುಹವಳಗಳ ಅಂಗಾಂಶವನ್ನು ಕಳಚಿಹಾಕುವ ರೋಗ 2020ರಲ್ಲಿ ಅಲ್ಲಿಗೆ ತಲುಪಿತು. 2023ರ ಕಡಲಿನ ಬಿಸಿಗೆ ಕೆರಿಬಿಯನ್ನಿನುದ್ದಕ್ಕೂ ಹವಳಗಳು ಬಿಳಿಚಿದವು. ಹೀಗಿರುವಾಗ ಒಂದು ಕಾಲಿನ ಒದೆತವೂ ಕಡಿಮೆಯಲ್ಲ. ಬಿಸಿಲಿನ ಲೇಪನದಲ್ಲಿನ ಆಕ್ಸಿಬೆನ್‌ಜೋನ್ ಮುಂತಾದ ರಾಸಾಯನಿಕಗಳನ್ನು ಹವಾಯಿ ರಾಜ್ಯ 2018ರಲ್ಲಿ ಶಾಸನ ಮಾಡಿ 2021ರಿಂದ ಮಾರಾಟಕ್ಕೆ ನಿಷೇಧಿಸಿರುವುದು ಹವಳದ ಸಲುವಾಗಿಯೇ. ತೋಳು ಮುಚ್ಚುವ ಈಜುಡುಪು ತೊಟ್ಟರೆ ಲೇಪನದ ಅಗತ್ಯವೇ ಬಹಳ ಮಟ್ಟಿಗೆ ತಪ್ಪುತ್ತದೆ, ನಮ್ಮ ಹೆಣ್ಣುಮಕ್ಕಳಿಗೆ ಅದು ಇಷ್ಟವೂ ಆಗುತ್ತದೆ. ನಕ್ಷತ್ರಮೀನುಗಳ ದಡದಲ್ಲಿ ಅವನ್ನು ನೀರಿನಿಂದ ಎತ್ತಿ ಹಿಡಿದು ಚಿತ್ರ ತೆಗೆಯುವುದು ಅವುಗಳ ಉಸಿರನ್ನೇ ಹಿಡಿದಂತೆ, ಏಕೆಂದರೆ ಅವು ಉಸಿರಾಡುವುದು ನೀರಿನಿಂದ. ಅಲ್ಲಿ ಇಳಿಯದೆ ದೋಣಿಯಲ್ಲೇ ಕುಳಿತಿರುವುದು ಲೇಸು.

ಆದ್ದರಿಂದ ಮುಂಗಡ ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆ "ನಿಮ್ಮ ದೋಣಿಯಲ್ಲಿ ಎಷ್ಟು ಜನ?" ಎಂಬುದಲ್ಲ. "ನೀವು ಪ್ರಾಣಿಗಳಿಗೆ ಆಹಾರ ಹಾಕುತ್ತೀರಾ? ಮುಟ್ಟಿಸುತ್ತೀರಾ? ಮರಳುದಿಬ್ಬವನ್ನು ಬಿಟ್ಟು ಹವಳದ ತಾಣಕ್ಕೆ ಮಾತ್ರ ಕರೆದೊಯ್ಯುತ್ತೀರಾ?" ಎಂಬುದು. ಇದಕ್ಕೆ ಒಪ್ಪುವ ದೋಣಿ ಸಿಕ್ಕಿದರೆ, ಆಗ ಸಣ್ಣ ಗುಂಪನ್ನು ಧಾರಾಳವಾಗಿ ಆರಿಸಿಕೊಳ್ಳಲಿ. ಹವಳದ ಬದಿಯ ಮರಳಿನಲ್ಲಿ ತಾನಾಗಿ ಹುದುಗಿರುವ ಒಂದು ತೊರಕೆ ಕಂಡರೂ ಕಾಣಬಹುದು. ಎರಡು ಕಣ್ಣು, ಮರಳಿನ ಮೇಲೊಂದು ಅಸ್ಪಷ್ಟ ಗೆರೆ, ಅಷ್ಟೇ. ಚಿತ್ರದಲ್ಲಿ ಅದು ಚೆನ್ನಾಗಿ ಬರುವುದಿಲ್ಲ. ಸಿಗದಿದ್ದರೆ ಬಿಟ್ಟುಬಿಡಬೇಕು.

ಬಸದಿಗಳ ಆಡಳಿತ ಮಂಡಳಿಗಳಿಗೂ ಇಲ್ಲಿ ಕೆಲಸವಿದೆ. ವಿದೇಶಯಾತ್ರೆಗಳನ್ನು ಏರ್ಪಡಿಸುವ ಸಮಾಜದ ಸಂಘಗಳು ಆಹಾರದ ಶುದ್ಧಿಯ ಬಗ್ಗೆ ಒಂದು ಪುಟ ಅಚ್ಚು ಹಾಕಿಸುತ್ತವೆ; ಆನೆ ಸವಾರಿ, ಡಾಲ್ಫಿನ್ ಪ್ರದರ್ಶನ, ತೊರಕೆಯ ದಿಬ್ಬ ಇವುಗಳ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಊಟದ ತಟ್ಟೆಯಲ್ಲಿ ಆರಂಭವಾದ ಅಹಿಂಸೆ ತಟ್ಟೆಯ ಅಂಚಿನಲ್ಲೇ ನಿಂತುಬಿಟ್ಟರೆ ಅದಕ್ಕೆ ಪಥ್ಯವೆಂದು ಹೆಸರಿಡಬಹುದು, ವ್ರತವೆನ್ನಲಾಗದು. ನಮ್ಮ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಬಳಿಯೂ ಸ್ನಾರ್ಕೆಲ್ ವಿಹಾರ ನಡೆಯುತ್ತದೆ. ಅಲ್ಲಿಗೆ ಮಕ್ಕಳನ್ನು ಕರೆದೊಯ್ಯುವ ಪಾಠಶಾಲೆಗಳೂ ಇದೇ ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು.

ದಿಬ್ಬಕ್ಕೆ ಹೋಗದೆ ಆ ಒಂದು ದಿನವನ್ನು ದ್ವೀಪದಲ್ಲಿ ಹೇಗೆ ಕಳೆಯುವುದೆಂದು ಕೇಳುವವರಿಗೆ ಹೇಳುವುದಿಷ್ಟು. ಗ್ರ್ಯಾಂಡ್ ಕೇಮನ್ನಿನ ಪೂರ್ವಭಾಗದಲ್ಲಿ, 1994ರಲ್ಲಿ ಎರಡನೆಯ ಎಲಿಜಬೆತ್ ರಾಣಿ ಉದ್ಘಾಟಿಸಿದ ಸಸ್ಯೋದ್ಯಾನವಿದೆ. ಜಗತ್ತಿನಲ್ಲಿ ಆ ದ್ವೀಪವೊಂದರಲ್ಲೇ ಇರುವ ನೀಲಿ ಇಗ್ವಾನ ಎಂಬ ದೊಡ್ಡ ಓತಿ 2002ರ ಸುಮಾರಿಗೆ ಕಾಡಿನಲ್ಲಿ 25ಕ್ಕಿಂತ ಕಡಿಮೆ ಸಂಖ್ಯೆಗೆ ಇಳಿದಿತ್ತು. ಅಲ್ಲಿ ಮರಿ ಮಾಡಿಸಿ, ಬೆಳೆಸಿ, ಕಾಡಿಗೆ ಬಿಡುತ್ತ ಬಂದು 2018ರಲ್ಲಿ ಸಾವಿರದ ಪ್ರಾಣಿಯನ್ನು ಬಿಟ್ಟರು. ಪಂಜರಗಳು ಅಲ್ಲಿಯೂ ಇವೆ, ಆದರೆ ತೆರೆಯುವುದಕ್ಕಾಗಿ. ಉದ್ಯಾನದ ಹಾದಿಯಲ್ಲಿ ಬಿಸಿಲಿಗೆ ಮೈಯೊಡ್ಡಿ ಕುಳಿತ ಇಗ್ವಾನವನ್ನು ದೂರದಿಂದ ನೋಡಲು ಅಡ್ಡಿಯಿಲ್ಲ. ಜಾರ್ಜ್ ಟೌನ್‌ನಿಂದ ರಸ್ತೆಯಿದೆ. ಬೆಳಿಗ್ಗೆ ಹೊರಟರೆ ಹಡಗಿನ ಹೊತ್ತಿಗೆ ನಿಶ್ಚಿಂತೆಯಾಗಿ ಹಿಂತಿರುಗಬಹುದು.